ಮೇಲಿನಿಂದ ನೋಡಿದರೆ ಕಬ್ಬೂ ಕಾಡೇ!

ಶಿಕಾರಿಯವರ ನಕ್ಷೆ ವಿದ್ಯೆ ಊರು ಕಾಯೋಕೆ ಬರಲಿ

ತಿ. ನರಸೀಪುರ ತಾಲ್ಲೂಕಿನ ಸೋಸಲೆ ಹೋಬಳಿ ಕಡೆ ಸಂಜೆ ಬಸ್ಸು ಇಳಿದು ಊರಿಗೆ ನಡೆಯೋದು ಅಂದ್ರೆ ಮೊದಲು ಯಾರಿಗೂ ಅದೊಂದು ದೊಡ್ಡ ವಿಷಯವಾಗಿರಲಿಲ್ಲ. ಗೇಟಿನಲ್ಲಿ ಇಳಿದು, ಪೆಟ್ಟಿಗೆ ಅಂಗಡಿಯಲ್ಲಿ ಒಂದು ಬೀಡಿ ಕಟ್ಟು, ಮಕ್ಕಳಿಗೆ ಒಂದು ಪೊಟ್ಟಣ ಖಾರ ತಗೊಂಡು, ಎರಡೂ ಕಡೆ ಕಬ್ಬು ನಿಂತ ದಾರಿಯಲ್ಲಿ ಗುನುಗಿಕೊಂಡು ಮನೆ ಸೇರುತ್ತಿದ್ದರು. 2022ರ ಕೊನೆ ಮತ್ತು 2023ರ ಜನವರಿಯಲ್ಲಿ ಅದೇ ದಾರಿ ಎದೆ ನಡುಗಿಸುವ ದಾರಿಯಾಯಿತು. ಬಸ್ಸಿನಿಂದ ಇಳಿದವರು ಜೊತೆ ಸಿಗೋವರೆಗೂ ಅಂಗಡಿ ದೀಪದ ಕೆಳಗೇ ನಿಲ್ಲಬೇಕಾಯಿತು.

ಕಾರಣ ಎಲ್ಲರಿಗೂ ಗೊತ್ತಿರುವುದೇ. 2022ರ ಅಕ್ಟೋಬರ್ ಕೊನೆಯ ದಿನ ಉಕ್ಕಲಗೆರೆ ಬಳಿಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟಕ್ಕೆ ಹೋಗಿದ್ದ ಕಾಲೇಜು ಹುಡುಗನನ್ನು ಚಿರತೆ ಕೊಂದಿತು. ಡಿಸೆಂಬರ್ 1ರ ಸಂಜೆ ಕೆಬ್ಬೇಹುಂಡಿಯಲ್ಲಿ ಓದುತ್ತಿದ್ದ ಹೆಣ್ಣುಮಗಳು, ಅದೂ ಮನೆ ಹಿಂಭಾಗದಲ್ಲೇ. 2023ರ ಜನವರಿ 20ರಂದು ಕನ್ನನಾಯಕನಹಳ್ಳಿಯ ವೃದ್ಧೆ. ಮಾರನೇ ಸಂಜೆ ಹೊರಳಹಳ್ಳಿಯಲ್ಲಿ ಮನೆಯಿಂದ ಹೊರಗೆ ಹೋದ 11 ವರ್ಷದ ಹುಡುಗ ವಾಪಸ್ ಬರಲೇ ಇಲ್ಲ. ಮೂರು ತಿಂಗಳೊಳಗೆ ನಾಲ್ಕು ಜೀವ!

ಜನ ರಸ್ತೆಗೆ ಇಳಿದರು. ಮಂತ್ರಿಗಳು ಬಂದರು. ಬೋನು ಇಟ್ಟರು. ಮೈಸೂರಿನಲ್ಲಿ ಚಿರತೆಗೆಂದೇ ಒಂದು ಕಾರ್ಯಪಡೆ ಹುಟ್ಟಿತು. ಒಂದಲ್ಲ, ಹಲವು ಚಿರತೆಗಳು ಬೋನಿಗೆ ಬಿದ್ದವು. ಆಗ ಹಳ್ಳಿಯವರು ಇನ್ನೊಂದು ಹೊಸ ನೋಟವನ್ನೂ ಕಂಡರು. ಕಬ್ಬಿನ ಗದ್ದೆ ಮೇಲೆ ಜೀರುಂಡೆಯ ಹಾಗೆ ಗುಯ್‌ಗುಡುತ್ತಾ ಡ್ರೋನ್ ಹಾರಾಡಿತು.

“ಆಕಾಸದಿಂದ ನೋಡ್ತಾರಂತೆ ಕಣ್ರೋ, ಇನ್ನೆಲ್ಲಿ ತಪ್ಪಿಸ್ಕೊಳ್ತದೆ?” ಎಂದವರು ಎಷ್ಟೋ ಜನ. ಆದರೆ ಮೇಲಿನಿಂದ ನೋಡಿದರೆ ಕಾಣುವುದೇನು, ಕಾಣದೇ ಇರುವುದೇನು ಎಂಬುದನ್ನು ತಿಳಿಯಬೇಕಾದರೆ ಚಿರತೆಯನ್ನು ಸ್ವಲ್ಪ ಹೊತ್ತು ಬಿಟ್ಟು ಜಿಂಕೆಯ ಕಡೆಗೆ ಬರಬೇಕು.

ನಕ್ಷೆ ಹಿಡಿದು ಜಿಂಕೆ ಹುಡುಕುವವರು

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಬಿಳಿಬಾಲದ ಜಿಂಕೆ ಅಲ್ಲಿ ಹೇರಳ. ಬೇಟೆಗೆ ಹೊರಡುವವನು ಮೊದಲು ಕೋವಿ ಒರೆಸುವುದಿಲ್ಲ, ನಕ್ಷೆ ಬಿಚ್ಚುತ್ತಾನೆ. ವಿಮಾನದಿಂದ, ಉಪಗ್ರಹದಿಂದ ತೆಗೆದ ಚಿತ್ರವನ್ನು ಮನೆಯ ಮೇಜಿನ ಮೇಲೆ ಹರಡಿಕೊಂಡು, ಜಿಂಕೆ ಎಲ್ಲಿ ಮಲಗುತ್ತೆ, ಎಲ್ಲಿ ಮೇಯುತ್ತೆ, ಎರಡರ ನಡುವೆ ಯಾವ ದಾರಿಯಲ್ಲಿ ನಡೆಯುತ್ತೆ ಅಂತ ಲೆಕ್ಕ ಹಾಕುತ್ತಾನೆ.

ಆ ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಒಂದು, ಅಂಚು ನೋಡು: ಮರ ಮುಗಿದು ಹೊಲ ಶುರುವಾಗುವ ಗೆರೆ. ಜಿಂಕೆಗೆ ಹುಲ್ಲೂ ಬೇಕು, ಅಡಗಲು ಮರೆಯೂ ಬೇಕು, ಎರಡೂ ಸಿಗುವುದು ಅಂಚಿನಲ್ಲೇ. ಎರಡು, ಇರುಕು ನೋಡು: ಎರಡು ದೊಡ್ಡ ತೋಪುಗಳ ನಡುವೆ ಸಣ್ಣ ಮರದ ಸಾಲು ಇದ್ದರೆ ಪ್ರಾಣಿ ಬಯಲಿಗೆ ಬೀಳದೆ ಆ ಸಾಲಿನಲ್ಲೇ ದಾಟುತ್ತದೆ. ಮೂರು, ನೀರು ನೋಡು. ನಾಲ್ಕು, ಎರಡು ಗುಡ್ಡಗಳ ನಡುವಿನ ತಗ್ಗು ನೋಡು: ಏರು ಹತ್ತುವ ಕಷ್ಟ ಮನುಷ್ಯನಿಗೂ ಬೇಡ, ಜಿಂಕೆಗೂ ಬೇಡ. ಇಷ್ಟಾದ ಮೇಲೆ ಐದನೆಯದು, ಅದೇ ಮುಖ್ಯ: ನಕ್ಷೆ ಮಡಚಿಟ್ಟು ನಡೆದು ಹೋಗಿ ಹೆಜ್ಜೆ, ಹಿಕ್ಕೆ, ಕೊಂಬು ಉಜ್ಜಿದ ಮರ ಎಲ್ಲ ಇದೆಯೋ ಇಲ್ಲವೋ ಕಣ್ಣಾರೆ ನೋಡು.

ಮೈಸೂರು ಸೀಮೆಯವರಿಗೆ ಈ ವಿದ್ಯೆ ಹೊಸದೇನಲ್ಲ. ಅರಸರ ಕಾಲದ ಶಿಕಾರಿಗಳಲ್ಲಿ ಈ ಕೆಲಸವನ್ನು ಕಾಗದವಿಲ್ಲದೇ ಮಾಡಿಕೊಟ್ಟವರು ಕಾಡು ಕುರುಬರು, ಜೇನು ಕುರುಬರು, ಸೋಲಿಗರು. ಸೋವಿನವರು ಯಾವ ಕಡೆಯಿಂದ ತಮಟೆ ಬಡಿದರೆ ಪ್ರಾಣಿ ಯಾವ ಹಳ್ಳಕ್ಕೆ ಇಳಿಯುತ್ತದೆ ಎಂಬುದು ಅವರ ತಲೆಯೊಳಗಿನ ನಕ್ಷೆ. ದೊರೆಗಳು ಮಚಾನಿನ ಮೇಲೆ ಕುಳಿತು ಫೋಟೋ ತೆಗೆಸಿಕೊಂಡರು, ದಾರಿ ತೋರಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಶಿಕಾರಿಯ ಕಾಡು ರಕ್ಷಣೆಯ ಕಾಡಾಯಿತು

ಕಾಲ ಬದಲಾಯಿತು. 1931ರಲ್ಲಿ ಮೈಸೂರು ಮಹಾರಾಜರು ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಎಂದು ಗೊತ್ತುಮಾಡಿದರು. 1941ರಲ್ಲಿ ಅದು ಹಿಗ್ಗಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಪಾರ್ಕ್ ಆಯಿತು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಸೇರಿದ 9 ಕಾಡುಗಳಲ್ಲಿ ಬಂಡೀಪುರವೂ ಒಂದು. ಆ ಕಾಡಿನ ವಾಯವ್ಯದ ಸೆರಗು ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಗೆ ಬಂದು ಮುಗಿಯುತ್ತದೆ.

ಕಾನೂನೂ ಬಿಗಿಯಾಯಿತು. 1972ರ ವನ್ಯಜೀವಿ ಕಾಯಿದೆ ಶಿಕಾರಿಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಲೈಸೆನ್ಸ್ ಶಿಕಾರಿಯ ಬಾಗಿಲನ್ನೇ ಮುಚ್ಚಿತು. “ಹೊಡೆದರೆ ತಾನೇ ತಪ್ಪು, ಸುಮ್ಮನೆ ಉರುಳು ಹಾಕಿದ್ರೆ ಏನ್ ಸ್ವಾಮಿ?” ಅಂತ ಕೇಳುವವರು ಇವತ್ತಿಗೂ ಇದ್ದಾರೆ. ಕಾಯಿದೆ ಇದಕ್ಕೆ ನೇರವಾಗಿ ಉತ್ತರ ಹೇಳುತ್ತದೆ. ಕೊಲ್ಲುವುದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ಬಲೆ ಹಾಕುವುದು, ವಿಷ ಇಡುವುದು, ಬೆನ್ನಟ್ಟುವುದು, ಆಮಿಷ ಒಡ್ಡುವುದು, ಇವಕ್ಕೆ ಪ್ರಯತ್ನಿಸುವುದು, ಎಲ್ಲವೂ ಬೇಟೆಯೇ. ಜಿಂಕೆ ಮಾಂಸ ಮನೆಯಲ್ಲಿಟ್ಟುಕೊಂಡವನಿಗೂ ತಪ್ಪಿದ್ದಲ್ಲ.

ಅಲ್ಲಿಗೆ ಅಮೆರಿಕದವನ ನಕ್ಷೆ ವಿದ್ಯೆ ಇಲ್ಲಿ ಎರಡೇ ಕೈಗೆ ಹೋಗಬಹುದು. ಒಂದು, ಕಾಡು ಕಾಯುವವನ ಕೈ. ಇನ್ನೊಂದು, ಕಳ್ಳಬೇಟೆಯವನ ಕೈ. ಮೂರನೇ ಕೈ ಇಲ್ಲ.

ಹಳದಿ ಬಣ್ಣದ ಮೋಸ

ಈ ಎರಡು ತಾಲ್ಲೂಕುಗಳನ್ನು ನಕ್ಷೆಯಲ್ಲಿ ನೋಡುವುದು ಈಗ ಸುಲಭ. ಒಂದು ಕಾಲದಲ್ಲಿ ಸರ್ವೆ ಆಫ್ ಇಂಡಿಯಾದ ಹಾಳೆ ಸಿಗುವುದೇ ಕಷ್ಟವಿತ್ತು, ವಿಮಾನದಿಂದ ತೆಗೆದ ಚಿತ್ರವಂತೂ ಮಿಲಿಟರಿಯ ಅಪ್ಪಣೆ ಇಲ್ಲದೆ ಸಾಮಾನ್ಯರ ಕಣ್ಣಿಗೆ ಬೀಳುತ್ತಿರಲಿಲ್ಲ. 2005ರ ನಕ್ಷೆ ನೀತಿ, 2021ರ ಹೊಸ ನಿಯಮ ಬಂದ ಮೇಲೆ ಬಿಗಿ ಸಡಿಲಾಯಿತು. ಗೂಗಲ್‌ನವರದು ಇದೆ, 2009ರಿಂದ ಇಸ್ರೋದ ‘ಭುವನ್’ ಇದೆ. ರೈತರ ಮೊಬೈಲಿನಲ್ಲಿ ‘ದಿಶಾಂಕ್’ ಇದೆ, ನಿಂತ ಜಾಗದ ಸರ್ವೆ ನಂಬರು ಅದೇ ಹೇಳುತ್ತದೆ.

ಸರ್ವೆ ಹಾಳೆಯ ಲೆಕ್ಕದಲ್ಲಿ ನಂಜನಗೂಡು 57ಡಿ/12ರಲ್ಲಿದೆ, ತಿ. ನರಸೀಪುರ 57ಡಿ/16ರಲ್ಲಿದೆ. ಕಾಡಿಗೆ ಹಸಿರು, ನೀರಿಗೆ ನೀಲಿ, ಏರು ತಗ್ಗಿನ ಗೆರೆಗೆ ಕಂದು, ಸಾಗುವಳಿ ಭೂಮಿಗೆ ಹಳದಿ. ನಂಜನಗೂಡಿನ ಸೇತುವೆ ದಾಟಿದ ಕಪಿಲೆ ನೀಲಿ ಹಾವಿನಂತೆ ಬಳುಕಿ ಬಂದು ತಿರುಮಕೂಡಲಲ್ಲಿ ಕಾವೇರಿ ಸೇರುತ್ತಾಳೆ. ನದಿಯ ಎರಡೂ ದಡ ಹಳದಿಯೋ ಹಳದಿ. ಹಸಿರು ಇರುವುದು ದೂರದಲ್ಲಿ, ಹೆಡಿಯಾಲದ ಕಡೆ. ಅಲ್ಲಲ್ಲಿ ಮುಡುಕುತೊರೆಯಂಥ ಗುಡ್ಡ.

ಇದನ್ನು ನೋಡಿದ ಪಟ್ಟಣದವನು ಏನಂದುಕೊಳ್ಳುತ್ತಾನೆ? ಹಸಿರಿದ್ದ ಕಡೆ ಪ್ರಾಣಿ, ಹಳದಿ ಇದ್ದ ಕಡೆ ಮನುಷ್ಯ!

ಚಿರತೆಗೆ ಈ ಬಣ್ಣದ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದು ನಾಲೆಯ ನೀರು ಹರಿದ ಮೇಲೆ ರಾಗಿ, ಜೋಳ, ಹುರುಳಿ ಬೆಳೆಯುತ್ತಿದ್ದ ಎಷ್ಟೋ ನೆಲ ಕಬ್ಬಾಯಿತು, ಭತ್ತವಾಯಿತು. ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಬಂತು. ರೈತನ ಕೈಗೆ ನಾಲ್ಕು ಕಾಸು ಬಂತು, ತಪ್ಪೇನೂ ಇಲ್ಲ. ಆದರೆ ರಾಗಿ ಹೊಲ ಮೊಣಕಾಲು ಸೊಂಟದ ಲೆಕ್ಕ. ಕಬ್ಬು ಆಳೆತ್ತರ ಮೀರಿ ಬೆಳೆಯುತ್ತದೆ, ವರ್ಷಗಟ್ಟಲೆ ನಿಲ್ಲುತ್ತದೆ. ಒಳಗೆ ನೆರಳು, ಪಕ್ಕದಲ್ಲಿ ನಾಲೆ ನೀರು, ಹಂದಿ, ಮೊಲ, ಊರ ಅಂಚಿನಲ್ಲಿ ನಾಯಿ, ಕುರಿ, ಕರು. ಹೆಣ್ಣು ಚಿರತೆಗೆ ಮರಿ ಹಾಕಲು ಇದಕ್ಕಿಂತ ಒಳ್ಳೇ ಜಾಗ ಬೇಕೆ? ನಕ್ಷೆಯಲ್ಲಿ ಅದು ಸಾಗುವಳಿ ಭೂಮಿ, ಚಿರತೆಯ ಪಾಲಿಗೆ ಕಾಡು.

ಜಿಂಕೆ ಬೇಟೆಯವನು ಹುಡುಕುವ ಆ ‘ಅಂಚು’ ಇದೆಯಲ್ಲ, ಹೆಡಿಯಾಲದಲ್ಲಿ ಅದು ಊರಿನಿಂದಾಚೆ ಇದೆ. ಸೋಸಲೆ ಕಡೆ ಹಿತ್ತಿಲ ಬೇಲಿಯೇ ಅಂಚು. ಕೆಬ್ಬೇಹುಂಡಿಯಲ್ಲಿ ಮನೆಯ ಹಿಂದೆಯೇ ಸಾವು ಕಾದಿತ್ತು ಎಂಬುದನ್ನು ಹೀಗೆ ಓದಿಕೊಳ್ಳಬೇಕು.

ಹೆಡಿಯಾಲದ ಅಂಚಿನ ಕಥೆ

ಅಂಚಿನ ಕಷ್ಟ ನಂಜನಗೂಡಿಗೂ ಬಿಟ್ಟಿಲ್ಲ. 2023ರ ನವೆಂಬರ್ 24ರಂದು ಬಳ್ಳೂರು ಹುಂಡಿಯಲ್ಲಿ ದನ ಕುರಿ ಮೇಯಿಸುತ್ತಿದ್ದ ಹೆಂಗಸನ್ನು ಹುಲಿ ಕೊಂದಿತು. ಸಾಕಾನೆ, ಕ್ಯಾಮೆರಾ, ಡ್ರೋನ್ ಎಲ್ಲ ಬಂದವು. ನವೆಂಬರ್ 28ರಂದು ಹುಲಿ ಸೆರೆಸಿಕ್ಕಿತು.

ಇಲ್ಲಿ ಜಿಂಕೆಯ ಪಾತ್ರ ದೊಡ್ಡದು. ಕಾಡಂಚಿನ ಹೊಲದಲ್ಲಿ ಹುರುಳಿ, ಅವರೆ ಚಿಗುರಿದಾಗ ರಾತ್ರಿ ಜಿಂಕೆ ಹಿಂಡು ಇಳಿಯುತ್ತದೆ. ಬೆಳಗಾಗುವುದರೊಳಗೆ ಬೆಳೆ ನೆಲಸಮ. ರೈತನ ಹೊಟ್ಟೆ ಉರಿಯುವುದು ಸಹಜ. ಆ ಉರಿಯಲ್ಲಿ ಕೆಲವರು ಬೇಲಿಗೆ ತಂತಿ ಉರುಳು ಕಟ್ಟುತ್ತಾರೆ. ಇನ್ನು ಕೆಲವರಿಗೆ ಬೆಳೆಯ ಚಿಂತೆಯೇ ಇಲ್ಲ, ಪಟ್ಟಣದಲ್ಲಿ ಮಾಂಸಕ್ಕೆ ಗಿರಾಕಿ ಇದ್ದರೆ ಸಾಕು.

ಬೈಕಿನ ಕ್ಲಚ್ ವೈರಿನ ಉರುಳಿಗೆ ಜಿಂಕೆ ಯಾವುದು, ಚಿರತೆ ಯಾವುದು ಗೊತ್ತಾಗುವುದಿಲ್ಲ. ಹಂದಿಗೋ ಜಿಂಕೆಗೋ ಇಟ್ಟ ಉರುಳಿಗೆ ಸೊಂಟ ಸಿಕ್ಕಿಸಿಕೊಂಡು ಸತ್ತ ಚಿರತೆಗಳ ಸುದ್ದಿ ಕರ್ನಾಟಕದಲ್ಲಿ ಹೊಸದಲ್ಲ. ಸತ್ತದ್ದು ಸತ್ತಿತು, ಕುಂಟಿಕೊಂಡು ತಪ್ಪಿಸಿಕೊಂಡದ್ದು? ಓಡುವ ಬೇಟೆ ಹಿಡಿಯಲಾಗದ ಪ್ರಾಣಿ ಸುಲಭದ ಬೇಟೆ ಹುಡುಕಿಕೊಂಡು ಬರುತ್ತದೆ. ಕಾಡಿನಲ್ಲಿ ಜಿಂಕೆ ಕಡಿಮೆಯಾದರೂ ಅಷ್ಟೇ, ಹುಲಿ ಚಿರತೆಗಳು ಕೊಟ್ಟಿಗೆ ಕಡೆ ಮುಖ ಮಾಡುತ್ತವೆ. ಒಂದು ಕೆ.ಜಿ. ಕದ್ದ ಮಾಂಸದ ಬೆಲೆಯನ್ನು ದನ ಮೇಯಿಸುವ ಬಡವಿ ತೆರಬೇಕೇ?

ಡ್ರೋನ್ ಕಣ್ಣಿಗೂ ಪೊರೆ

“ಇಷ್ಟೆಲ್ಲ ಯಂತ್ರ ಇದ್ದೂ ಹಿಡಿಯೋಕೆ ದಿನಗಟ್ಟಲೆ ಯಾಕೆ ಬೇಕು?” ಎಂಬುದು ಟೀ ಅಂಗಡಿಗಳ ನಿತ್ಯದ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಮೂರು ಭಾಗ.

ಮೊದಲನೆಯದು ಅಳತೆ. 1:50,000ದ ಸರ್ವೆ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದು ಎಕರೆ ಕಬ್ಬಿನ ಗದ್ದೆ ಆ ಹಾಳೆಯಲ್ಲಿ ಒಂದು ಸಾಸಿವೆ ಕಾಳಿನಷ್ಟು. ಏರು ತಗ್ಗಿನ ಗೆರೆ 20 ಮೀಟರಿಗೊಂದು. ಅದಕ್ಕಿಂತ ಕುಳ್ಳಗಿನ ಬಂಡೆ ಗುಡ್ಡ ಒಂದು ಗೆರೆಯೂ ಇಲ್ಲದೆ ಮಾಯವಾಗಬಹುದು. ಚಿರತೆಗೆ ಬಂಡೆಯ ಒಂದು ಸಂದು ಸಾಕು.

ಎರಡನೆಯದು ಕಾಲ. ಮೊಬೈಲಿನಲ್ಲಿ ಕಾಣುವ ಉಪಗ್ರಹ ಚಿತ್ರ ಇವತ್ತಿನದಲ್ಲ. ಎಷ್ಟೋ ಸಲ ವರ್ಷದ ಹಿಂದಿನದು. ಚಿತ್ರದಲ್ಲಿ ನಿಂತ ಕಬ್ಬು ಅಷ್ಟರಲ್ಲಿ ಕಾರ್ಖಾನೆ ಸೇರಿ ಸಕ್ಕರೆಯಾಗಿರುತ್ತದೆ. ಚಿತ್ರದಲ್ಲಿ ಬೋಳಾದ ನೆಲದಲ್ಲಿ ಹೊಸ ಕಬ್ಬು ಆಳೆತ್ತರ ನಿಂತಿರುತ್ತದೆ. ಯಾವ ತಿಂಗಳಿನ ಚಿತ್ರ ಎಂಬುದೂ ಮುಖ್ಯ. ಫೆಬ್ರವರಿ ಮಾರ್ಚಿಯಲ್ಲಿ ಹೆಡಿಯಾಲದ ಕಾಡು ಎಲೆ ಉದುರಿಸಿ ಕಂದಾಗುತ್ತದೆ, ನಾಲೆ ಬಯಲು ಹಸಿರಾಗೇ ಇರುತ್ತದೆ. ಗೊತ್ತಿಲ್ಲದವನು ಕಾಡನ್ನೇ ಬಯಲು, ಬಯಲನ್ನೇ ಕಾಡು ಅಂದುಕೊಂಡಾನು!

ಮೂರನೆಯದು ಬಿಸಿಯ ಲೆಕ್ಕ. ರಾತ್ರಿ ಡ್ರೋನಿಗೆ ಕಟ್ಟುವ ಕ್ಯಾಮೆರಾ ಪ್ರಾಣಿಯ ಮೈಬಿಸಿ ಗುರುತಿಸುತ್ತದೆ. ನೆಲ ತಣ್ಣಗಾದ ಬೆಳಗಿನ ಜಾವ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಗಲೆಲ್ಲ ಕಾದ ಬಂಡೆ ಸಂಜೆಗೂ ಬಿಸಿಯಾಗೇ ಇರುತ್ತದೆ, ಬಂಡೆಯೂ ಪ್ರಾಣಿಯೂ ಒಂದೇ ಬೆಳಕಾಗಿ ಕಾಣಬಹುದು. ಕಬ್ಬಿನ ಗರಿ ದಟ್ಟವಾಗಿದ್ದರೆ ಒಳಗಿನ ಬಿಸಿ ಮೇಲಕ್ಕೆ ಕಾಣುವುದೇ ಇಲ್ಲ. ಕಂಡರೂ ಅಷ್ಟು ಎತ್ತರದಿಂದ ಅದು ಚಿರತೆಯೋ, ನಾಯಿಯೋ, ಕರುವೋ ಹೇಳುವುದು ಕಷ್ಟ.

ಹಾಗಾದರೆ ಕೊನೆಗೆ ಯಾರು ಹೇಳಬೇಕು? ನೆಲ ತುಳಿದವನು! ಹಸಿ ಮಣ್ಣಿನಲ್ಲಿ ಹೆಜ್ಜೆ ಕಂಡವನು, ನಿನ್ನೆ ರಾತ್ರಿ ಯಾವ ಬೀದಿಯ ನಾಯಿ ಕಾಣೆಯಾಯಿತು ಅಂತ ಬಲ್ಲವನು, ಯಾವ ಗದ್ದೆಯಲ್ಲಿ ಕಬ್ಬು ಕಡಿಯಲು ಆಳುಗಳು ಹೆದರುತ್ತಿದ್ದಾರೆ ಅಂತ ಕೇಳಿದವನು. ಅಮೆರಿಕದ ಬೇಟೆಗಾರನ ಐದನೇ ಪಾಠವೂ ಇದೇ ತಾನೇ? ಸೋಸಲೆ ಕಡೆ ಕಬ್ಬು ಬೇಗ ಕಟಾವು ಮಾಡಿಸಬೇಕೆಂದು ಆಡಳಿತ ಆಗ ಮುಂದಾದದ್ದು ಸರಿಯಾದ ದಾರಿ. ಆದರೆ ಅದು ನಾಲ್ಕು ಜೀವ ಹೋದ ಹೊತ್ತಿನ ಅವಸರದ ಕೆಲಸವಾಯಿತು. ಮರುವರ್ಷ ಕಬ್ಬು ಮತ್ತೆ ಬೆಳೆಯುವುದಿಲ್ಲವೇ?

ಪಂಚಾಯಿತಿ ಗೋಡೆಗೆ ಒಂದು ನಕ್ಷೆ

ಇಲಾಖೆಯ ಕಂಪ್ಯೂಟರಿನಲ್ಲಿ ಇರುವ ನಕ್ಷೆ ಊರಿನ ಗೋಡೆಗೂ ಬರಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಹಾಲಿನ ಡೇರಿಯಲ್ಲಿ, ಸರ್ವೆ ನಂಬರಿನ ಸಮೇತ ಒಂದು ದೊಡ್ಡ ಹಾಳೆ. ಅದರ ಮೇಲೆ ಮೂರೇ ಗುರುತು. ಎಲ್ಲಿ ಕಬ್ಬು ಆಳೆತ್ತರ ನಿಂತಿದೆ, ಯಾವಾಗ ಕಟಾವು. ಹೆಜ್ಜೆ ಕಂಡದ್ದು ಎಲ್ಲಿ, ಯಾವ ತಾರೀಖು. ಬಸ್ ಗೇಟಿನಿಂದ ಊರಿಗೆ ಬರುವ ದಾರಿಯಲ್ಲಿ ದೀಪ ಇಲ್ಲದ ಜಾಗ ಯಾವುದು. ಖರ್ಚು ಎಷ್ಟು ಮಹಾ? ಒಂದು ಫ್ಲೆಕ್ಸ್ ಬೋರ್ಡಿನ ದುಡ್ಡು. ಹುಟ್ಟುಹಬ್ಬಕ್ಕೆ ಹಾಕಿಸುವ ಫ್ಲೆಕ್ಸಿಗಿಂತ ಇದು ಊರಿಗೆ ಉಪಕಾರಿ.

ಮೂರನೇ ಗುರುತಿನ ಕೆಲಸಕ್ಕೆ ಅರಣ್ಯ ಇಲಾಖೆಯೇ ಬರಬೇಕಾಗಿಲ್ಲ. ಗೇಟಿನ ಅಂಗಡಿಯವರು, ದಿನಾ ಅದೇ ಬಸ್ಸಿನಲ್ಲಿ ಓಡಾಡುವವರು ಅರ್ಧ ಗಂಟೆ ಕೂತರೆ ಪಟ್ಟಿ ಸಿದ್ಧ. ಯಾವ ಕಂಬದ ಬಲ್ಬು ಹೋಗಿದೆ, ಯಾವ ತಿರುವಿನಲ್ಲಿ ಕಬ್ಬು ರಸ್ತೆಗೇ ಬಾಗಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾವ ಉಪಗ್ರಹಕ್ಕೂ ಗೊತ್ತಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಜಿಂಕೆ ಹಿಂಡು ಎಲ್ಲಿ ಇಳಿಯುತ್ತದೆ, ಯಾವ ಕೆರೆಗೆ ನೀರಿಗೆ ಬರುತ್ತದೆ ಎಂಬುದನ್ನು ಗೋಡೆಗೆ ಬರೆಯಬಾರದು, ಫೋನಿನಲ್ಲೂ ಹಂಚಬಾರದು. ಅದು ಕಳ್ಳಬೇಟೆಯವನಿಗೆ ಕರೆದು ತಾಂಬೂಲ ಕೊಟ್ಟಂತೆ. ಫೋಟೋ ತೆಗೆದು ಜಾಗದ ಹೆಸರು ಸಮೇತ ಹತ್ತು ಗುಂಪಿಗೆ ಕಳಿಸುವ ಹುಡುಗರು ಇದನ್ನು ಮನಸ್ಸಿನಲ್ಲಿಡಬೇಕು. ಸ್ವಂತ ಡ್ರೋನ್ ಹಾರಿಸಿ ಪ್ರಾಣಿ ಅಟ್ಟುವ ಶೋಕಿಯೂ ಬೇಡ. ಅದೂ ಕಾಯಿದೆಯ ‘ಬೆನ್ನಟ್ಟುವುದು’ ಎಂಬ ಮಾತಿನ ಕೆಳಗೆ ಬಂದೀತು. ಕಾಡುಪ್ರಾಣಿ ಕಂಡರೆ, ಬೇಲಿಯಲ್ಲಿ ಉರುಳು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ಅಲ್ಲಿಗೆ ಹೇಳಿದರೆ ಸಾಕು.

ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ಬೇಗ ಸಿಗಲಿ. ಅವನ ಹೊಟ್ಟೆಯ ಉರಿ ತಣಿಯದಿದ್ದರೆ ಬೇಲಿಯ ಉರುಳು ಬಿಚ್ಚುವುದಿಲ್ಲ. ಉರುಳು ಬಿಚ್ಚದಿದ್ದರೆ ಕಾಡಿನಲ್ಲಿ ಜಿಂಕೆ ಉಳಿಯುವುದಿಲ್ಲ. ಜಿಂಕೆ ಉಳಿಯದಿದ್ದರೆ ಸಂಜೆ ಬಸ್ಸು ಇಳಿದವರು ಮತ್ತೆ ಅಂಗಡಿ ದೀಪದ ಕೆಳಗೆ ಜೊತೆಗಾಗಿ ಕಾಯಬೇಕಾಗುತ್ತದೆ.

ಆಕಾಶದ ಕಣ್ಣು ಎಷ್ಟು ಎತ್ತರಕ್ಕಾದರೂ ಹೋಗಲಿ. ಬಸ್ ಗೇಟಿನಿಂದ ಮನೆವರೆಗಿನ ಆ ಒಂದು ಮೈಲಿಗೆ ದೀಪ ಬೇಕು, ಕಟಾವು ಹೊತ್ತಿಗೆ ಆಗಬೇಕು, ಊರಿನವರ ಮಾತು ನಕ್ಷೆಗೆ ಸೇರಬೇಕು. ಸಂಬಂಧಪಟ್ಟವರು ಮುಂದಿನ ಕಬ್ಬು ಆಳೆತ್ತರ ಬೆಳೆಯುವ ಮೊದಲೇ ಇದನ್ನು ಮಾಡಲಿ.